ಬರೋ ವರ್ಷ ಅನ್ನೋದು ಬಿಡು

ಚಿ. ಅಳಿಯನಿಗೆ,

ಅಣ್ಣಿಗೇರಿಯಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದ. ಹೆಸರು ರಾಶಿ ಮುಗಿಯಿತು, ಕಡಲೆ ಬಿತ್ತಲು ಹದ ಕಾಯುತ್ತ ಕೂತಿದ್ದೇವೆ.

ಹೋದ ಆದಿತ್ಯವಾರ ನೀನು ಫೋನಿನಲ್ಲಿ ಒಂದು ತಾಸು ಮಾತಾಡಿದೆ. ನಾನು ಹೂಂ ಎಂದದ್ದೇ ಹೆಚ್ಚು. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಆಗಲೇ ಬಂದಿದ್ದರೆ ಅಲ್ಲೇ ಆಡಿ ಮುಗಿಸುತ್ತಿದ್ದೆ. ತಡವಾಗಿ ಬಂದ ಸಿಟ್ಟಿಗೆ ಕಾಗದವೇ ಗತಿ. ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. ನಮ್ಮ ಓಣಿಯಲ್ಲೇ ನಿನ್ನಂಥವರು ನಾಲ್ಕು ಮಂದಿ ಇದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನೋಡಿಕೊಳ್ಳಲಿ.

ಅಮೆರಿಕದ ಪೌರತ್ವದ ಅರ್ಜಿ ತುಂಬಿ ಇಟ್ಟಿದ್ದೀ, ಕಳಿಸಲು ಕೈ ಬರುತ್ತಿಲ್ಲ. ಆ ಸಂಕಟ ಸುಳ್ಳೆಂದು ನಾನು ಹೇಳುವುದಿಲ್ಲ. ನಮ್ಮ 1955ರ ಪೌರತ್ವ ಕಾಯಿದೆ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ತಾನಾಗಿ ಬೇರೆ ದೇಶದವನಾದರೆ ಇಲ್ಲಿಯ ಪೌರತ್ವ ಕಳಚಿ ಬೀಳುತ್ತದೆ. ಅದರ ಬದಲು ಸಿಗುವ ಓಸಿಐ ಕಾರ್ಡಿನಿಂದ ವೀಸಾ ಕಾಟ ತಪ್ಪುತ್ತದೆ, ಎಷ್ಟು ದಿನ ಬೇಕಾದರೂ ಬಂದಿರಬಹುದು. ಓಟು ಇಲ್ಲ, ಹೊಲ ಖರೀದಿಸಲು ಬರುವುದಿಲ್ಲ. ವಾರಸಾದಿಂದ ಬಂದ ಹೊಲದ ಉತಾರದಲ್ಲಿ ನಿನ್ನ ಹೆಸರು ಕೂಡಲು ಅಡ್ಡಿಯಿಲ್ಲ, ಮುಂದೆ ಮಾರಿದರೆ ಮಾತ್ರ ಇಲ್ಲಿಯ ಪ್ರಜೆಗೇ ಮಾರಬೇಕು. ಇದಿಷ್ಟನ್ನು ಹುಬ್ಬಳ್ಳಿಯ ವಕೀಲರೊಬ್ಬರ ಮುಂದೆ ಕೂತು ಕೇಳಿಕೊಂಡು ಬಂದೆ. ಕಾಯಿದೆಯ ಮಾತು ಇಲ್ಲಿಗೆ ಸಾಕು.

ಅಲ್ಲಿರು ಎಂದಾಗಲಿ, ಬಾ ಎಂದಾಗಲಿ ನಾನು ಹೇಳುವುದಿಲ್ಲ. ಅದು ನಿನ್ನ ಸಂಸಾರದ ಮಾತು. ನನ್ನ ಕತೆಯೊಂದನ್ನು ಮಾತ್ರ ಕೇಳು. ಅರ್ಧ ನಿನಗೆ ಗೊತ್ತು, ಉಳಿದರ್ಧ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಾನು ಕುವೈತಿಗೆ ಹೋದದ್ದು 1981ರಲ್ಲಿ. ಹಿಂದಿನ ವರ್ಷ ಜುಲೈ 21ಕ್ಕೆ ನವಲಗುಂದ, ನರಗುಂದದಲ್ಲಿ ಗೋಲಿಬಾರ್ ಆಗಿತ್ತು. ಮಲಪ್ರಭಾ ಕಾಲುವೆಯ ನೀರು ಮುಟ್ಟದ ಹೊಲಕ್ಕೂ ನೀರಿನ ಕರ, ಅಭಿವೃದ್ಧಿ ಕರ ಕಟ್ಟಿರೆಂದು ಸರಕಾರ ರೈತರ ಎದೆಯ ಮೇಲೆ ಕೂತಿತ್ತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಗುಂಡಿಗೆ ಬಲಿಯಾದ ಸುದ್ದಿ ಬಂದಾಗ ಅಪ್ಪ ಎತ್ತುಗಳ ಮುಂದೆ ಕಣಕಿ ಹಾಕುತ್ತಿದ್ದ. ಕೈಯಲ್ಲಿದ್ದ ಸೂಡನ್ನು ಹಾಗೇ ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ನನ್ನ ಕಡೆ ನೋಡದೆ, "ನೀ ಎಲ್ಲೆರ ಹೋಗಪಾ. ಇಲ್ಲೇನೈತಿ?" ಅಂದ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತಿದ್ದೆ. ಅವ್ವನ ಬೋರಮಾಳ ಮಾರಿ ಬೊಂಬಾಯಿಯ ಏಜೆಂಟನಿಗೆ ಕೊಟ್ಟು ವಿಮಾನ ಹತ್ತಿದೆ.

ಹೋದವನು ಕಾಗದ ಬರೆಯುತ್ತಿದ್ದೆ. ಪ್ರತಿ ಕಾಗದದ ಕೊನೆಗೂ ಒಂದೇ ಸಾಲು: ಬರುವ ವರ್ಷ ಸುಗ್ಗಿಯ ಹೊತ್ತಿಗೆ ಬಂದುಬಿಡುತ್ತೇನೆ. ಬರೆಯುವಾಗ ಸುಳ್ಳೆಂದು ಅನಿಸುತ್ತಿರಲಿಲ್ಲ. ಬರೆದರೆ ಆ ರಾತ್ರಿ ನಿದ್ದೆ ಬರುತ್ತಿತ್ತು, ಅಷ್ಟೇ. ಆದರೆ ಇಲ್ಲಿ ಅಪ್ಪ ಅದನ್ನು ಅಕ್ಷರಶಃ ನಂಬಿದ. ಮೊಣಕಾಲು ಹೋಗಿದ್ದವು, ಆದರೂ ಹೊಲವನ್ನು ಲಾವಣಿಗೆ ಹಾಕಲಿಲ್ಲ. ಎತ್ತಿನ ಜೋಡಿ ಮಾರಲಿಲ್ಲ. ಬರಗಾಲದಲ್ಲಿ ಮಂದಿ ದನ ಹೊಡೆದುಕೊಂಡು ಸಂತೆಗೆ ಹೋದರೆ ಈತ ಸಾಲ ಮಾಡಿ ಮೇವು ಕೊಂಡು ತಂದ. ಯಾರಾದರೂ ಕೇಳಿದರೆ, "ಹುಡುಗ ಬರ್ತಾನ. ಬಂದ ಮ್ಯಾಲೆ ಗಳೆ ಹೊಡಿಯಾಕ ಎತ್ತು ಎಲ್ಲಿ ಹುಡುಕೋದು?" ಅಂತಿದ್ದನಂತೆ. 1986ರಲ್ಲಿ ತೀರಿಕೊಂಡ. ನಾನು ಬಂದಾಗ ದಿನಕರ್ಮ ಮುಗಿದಿತ್ತು. ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು. ಒಂದಕ್ಕೆ ಹೊಸ ಮೂಗುದಾರ ಹಾಕಿಸಿದ್ದ. ತಿಂಗಳ ರಜೆ ಮುಗಿಸಿ ಮತ್ತೆ ಹೋದೆ. ಹೋಗುವಾಗ ಅವ್ವನಿಗೆ ಏನಂದೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ.

1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ. ಮರಳುಗಾಡಿನ ಡೇರೆಯಲ್ಲಿ ದಿನಕ್ಕೊಂದು ರೊಟ್ಟಿ, ಒಂದು ಬಾಟಲಿ ನೀರಿನ ಮೇಲೆ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿದೆ. ಸುಮಾರು 1.7 ಲಕ್ಷ ಮಂದಿಯನ್ನು ಹಾಗೆ ಹೊತ್ತು ತಂದರು. ಅವರಲ್ಲಿ ನಾನೊಬ್ಬ. ಅಂಗಿಯ ಒಳಗೆ ಹೊಲಿದುಕೊಂಡು ತಂದ ದೀನಾರಿಗೆ ಬೊಂಬಾಯಿಯಲ್ಲಿ ರದ್ದಿಯ ಬೆಲೆ. ಮೀರಜದಲ್ಲಿ ಗಾಡಿ ಬದಲಿಸಿ ಊರು ಮುಟ್ಟಿದೆ. ಆ ವರ್ಷದ ರಾಜ್ಯೋತ್ಸವಕ್ಕೆ ಊರಿನವರು ಶಾಲು ಹೊದಿಸಿ, ತಾಯ್ನೆಲದ ಸೆಳೆತಕ್ಕೆ ಓಡಿ ಬಂದವರು ಎಂದು ಭಾಷಣ ಮಾಡಿದರು. ಶಾಲು ಹೊದ್ದುಕೊಂಡೆ. ಸದ್ದಾಂ ಹುಸೇನ್ ಅಟ್ಟದಿದ್ದರೆ ಬರುತ್ತಿರಲಿಲ್ಲ ಎಂದು ಹೇಳುವ ಧೈರ್ಯ ಆಗಲಿಲ್ಲ. ಮೂವತ್ತೈದು ವರ್ಷದ ಮೇಲೆ ಈಗ ಹೇಳುತ್ತಿದ್ದೇನೆ, ನಗಬೇಡ.

ಬಂದ ಮೇಲಾದರೂ ಇಲ್ಲಿದ್ದೆನೋ? ಬಸ್ಸು ತಡವಾದರೆ ಕುವೈತಿನಲ್ಲಿ ಹೀಗಿಲ್ಲ, ಲೈಟು ಹೋದರೆ ಕುವೈತಿನಲ್ಲಿ ಹೀಗಿಲ್ಲ. ಅಲ್ಲಿದ್ದಾಗ ಬಾಯಿ ತೆರೆದರೆ ಅಣ್ಣಿಗೇರಿ. ನಿಮ್ಮ ಅತ್ತಿ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಿಮಗ ಊರ ಬ್ಯಾಡ್ರಿ, ಊರಿಂದ ದೂರ ಇರೋದು ಬೇಕು" ಅಂದಳು. ಆ ಮಾತು ನಿನಗೂ ಸಲ್ಲುತ್ತದೆ.

ಈಗ ನಿನ್ನ ಅವ್ವನ ಮಾತು. 2019ರ ಆಗಸ್ಟ್ ಮಳೆಗೆ ಬೆಣ್ಣಿಹಳ್ಳ ಉಕ್ಕಿದಾಗ ನಿಮ್ಮ ಮಾಳಿಗೆ ಮನೆಯ ಹಿಂದಿನ ಗೋಡೆ ಕುಸಿಯಿತು. ನೀನು ಹಣ ಕಳಿಸಿದೆ, ಇಲ್ಲವೆನ್ನುವುದಿಲ್ಲ. ಅಕ್ಕ ಆ ಹಣದಲ್ಲಿ ತಾನು ಮಲಗುವ ಖೋಲಿ ರಿಪೇರಿ ಮಾಡಿಸಲಿಲ್ಲ. ನಿನ್ನ ಖೋಲಿಗೆ ಇಟ್ಟಿಗೆ ಗೋಡೆ ಕಟ್ಟಿಸಿ, ಮೊಮ್ಮಗಳಿಗೆ ಕುಕ್ಕರಗಾಲಲ್ಲಿ ಕೂಡಲು ಬರುವುದಿಲ್ಲವೆಂದು ಕುರ್ಚಿಯಂಥ ಕಮೋಡು ಹಾಕಿಸಿದಳು. ಆರು ವರ್ಷದಲ್ಲಿ ಅದು ಬಳಕೆಯಾದದ್ದು ಒಂಬತ್ತು ದಿನ. ಎಪ್ಪತ್ತೆರಡು ವರ್ಷದಾಕೆ ಎಂಟು ಎಕರೆ ಎರೆಹೊಲಕ್ಕೆ ಆಳು ಹುಡುಕುತ್ತ ಬೆಳಗಾದರೆ ಓಣಿ ಓಣಿ ತಿರುಗುತ್ತಾಳೆ. ಲಾವಣಿಗೆ ಹಾಕಕ್ಕಾ ಎಂದರೆ, "ಅಂವ ಬಂದು ಮಾಡ್ತಾನಂತ" ಅನ್ನುತ್ತಾಳೆ. ಆ ಮಾತು ಕೇಳಿದಾಗ ನನಗೆ ಎತ್ತಿನ ಮೂಗುದಾರ ಕಂಡಿತು.

ಹದಿನೇಳು ವರ್ಷದಿಂದ ಬರುವ ವರ್ಷ, ಬರುವ ವರ್ಷ! ಮೊದಲು ಸಾಲ ತೀರಲಿ ಅಂದೆ. ಆಮೇಲೆ ಗ್ರೀನ್ ಕಾರ್ಡ್ ಬರಲಿ ಅಂದೆ. ಈಗ ಕಳಸಾ-ಬಂಡೂರಿ ಯೋಜನೆ ಆಗಿ ಹೊಲಕ್ಕೆ ನೀರು ಬಂದರೆ ಬಂದು ಒಕ್ಕಲುತನ ಮಾಡುತ್ತೀಯಂತೆ. ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2018ರಲ್ಲಿ, ಮಲಪ್ರಭೆಗೆ 3.9 ಟಿಎಂಸಿ ಎಂದು ಬರೆದದ್ದೂ ಹೌದು. ಅದೂ ಬರುವ ವರ್ಷದ ನೀರೇ. ಆ ಪಾಳಿಯಲ್ಲಿ ನಿನ್ನ ಅವ್ವನನ್ನು ನಿಲ್ಲಿಸಬೇಡವೋ, ಹುಚ್ಚಾ.

ಸಿಟ್ಟಿನಲ್ಲಿ ಬರೆದೆ. ನನ್ನ ಕಣ್ಣಿನ ಆಪರೇಷನ್ನಿಗೆ ಕೇಳದೆಯೇ ಹಣ ಕಳಿಸಿದವನು ನೀನು. ಅದನ್ನು ಮರೆತವನಲ್ಲ ನಾನು. ಬರುವುದಾದರೆ ಬಾ, ಬೇಡ ಎಂದವರು ಯಾರು? ಆದರೆ ನಿನ್ನ ಮಗಳಿಗೆ ಹದಿಮೂರು. ಅವಳ ಗೆಳತಿಯರು, ಸಾಲಿ ಎಲ್ಲ ಡಲ್ಲಾಸಿನಲ್ಲಿ. ನಿನ್ನ ಹೆಂಡತಿಯ ನೌಕರಿಯೂ ಅಲ್ಲೇ. ನಿನ್ನ ಮಾತು ಕೇಳಿದರೆ ನೀನು ಬರುವವನಲ್ಲ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಹಾಗಿದ್ದರೆ ಅರ್ಜಿ ಕಳಿಸು. ಅಲ್ಲಿ ಓಟು ಹಾಕು, ಅಲ್ಲಿಯ ರಸ್ತೆ ಕೆಟ್ಟರೆ ಅಲ್ಲಿಯವರ ಜೋಡಿ ಜಗಳಾಡು. ಪಾಸ್‌ಪೋರ್ಟಿನ ಬಣ್ಣ ಬದಲಾದರೆ ಅವ್ವ ಅಳುವುದಿಲ್ಲ, ಅವಳು ಅದನ್ನು ನೋಡಿಯೇ ಇಲ್ಲ. ನಾನಿನ್ನು ಬಂದು ಇರುವವನಲ್ಲ, ವರ್ಷಕ್ಕೊಮ್ಮೆ ಬಂದು ಹೋಗುವವನು ಎಂದು ಹೇಳಿದರೆ ಎರಡು ದಿನ ಅಳುತ್ತಾಳೆ. ಮೂರನೆಯ ದಿನ ಲಾವಣಿಗೆ ಯಾರನ್ನು ನೋಡಲಿ ಎಂದು ನನ್ನನ್ನು ಕೇಳುತ್ತಾಳೆ. ನಾನು ಒಬ್ಬರನ್ನು ನೋಡಿ ಇಟ್ಟಿದ್ದೇನೆ. ಬರುವಾಗ ಮಾತ್ರ ಒಂಬತ್ತು ದಿನಕ್ಕೆ ಬರಬೇಡ. ಅಲ್ಲಿಯ ಬೇಸಿಗೆ ರಜೆಯಲ್ಲಿ ನಾಗರಪಂಚಮಿ ಬೀಳುವ ವರ್ಷ ಹುಡುಗಿಯನ್ನು ಕರೆದುಕೊಂಡು ತಿಂಗಳು ಇರುವಂತೆ ಬಾ.

ಇನ್ನೊಂದು ಮಾತು. ಆ ಹುಡುಗಿ ಹುಟ್ಟಿದಾಗ ಅಕ್ಕ ಕಲಘಟಗಿಗೆ ಹೋಗಿ ಹೇಳಿ ಮಾಡಿಸಿದ ತೊಟ್ಟಿಲು ಪಡಸಾಲೆಯಲ್ಲಿದೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣದಲ್ಲಿ ಬರೆದ ಕೃಷ್ಣನ ಚಿತ್ರ. ಒಂದು ಕೂಸೂ ಮಲಗಿಲ್ಲ, ಹಳೆಯ ಇಳಕಲ್ ಸೀರೆ ಸುತ್ತಿ ಇಟ್ಟಿದ್ದಾಳೆ. ಬಿಚ್ಚಿ ನೋಡಿದೆ, ಬಣ್ಣ ಇನ್ನೂ ಮಾಸಿಲ್ಲ. ನನ್ನ ಕಿರಿಮಗಳು ಹೆರಿಗೆಗೆ ಮನೆಗೆ ಬಂದಿದ್ದಾಳೆ, ದೀಪಾವಳಿಯ ಹೊತ್ತಿಗೆ ದಿನ ತುಂಬುತ್ತದೆ. ತೊಟ್ಟಿಲು ಕೇಳಿದ್ದಕ್ಕೆ ಅಕ್ಕ, "ಅವನ್ನ ಕೇಳಿ ಕೊಡ್ತೀನಿ" ಅಂದಿದ್ದಾಳೆ.

ಈ ಆದಿತ್ಯವಾರ ಫೋನ್ ಮಾಡಿದಾಗ ಕೊಡು ಎಂದು ಹೇಳು.

ನಿನ್ನ ಮಾವ