ಅಟ್ಟದ ಬೆಕ್ಕು, ಹಂಡೆಯ ನೀರು

ಅಮ್ಮಸಂದ್ರದ ಸುತ್ತಮುತ್ತ ಬೆಕ್ಕು ಸಾಕುವುದೇ ಅಟ್ಟಕ್ಕಾಗಿ. ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ನಾಲ್ಕು ದಿನದಲ್ಲಿ ಆಗುವ ಮಾಲಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿದರೆ, ಒಳಗಿನ ನೀರು ಇಂಗಿ ಗಿಟುಕಾಗಲು ಹೆಚ್ಚುಕಡಿಮೆ ವರ್ಷವೇ ಬೇಕು. ಅಷ್ಟು ಕಾಲ ಇಲಿಯ ಬಾಯಿಂದ ಅದನ್ನು ಉಳಿಸುವುದು ಬೆಕ್ಕು. ನಮ್ಮ ಚುಕ್ಕಿ ರಾತ್ರಿಯೆಲ್ಲ ಅಟ್ಟದಲ್ಲಿ, ಹಗಲು ಬಚ್ಚಲುಮನೆಯ ಹಂಡೆ ಒಲೆಯ ಬೆಚ್ಚನೆ ಬೂದಿಯಲ್ಲಿ.

ಇಂಥ ಬೆಕ್ಕಿಗೆ ಸ್ನಾನ ಬೇಕೆ? ಬಹುಪಾಲು ಬೇಡ. ಧೂಳು, ಜೇಡರ ಬಲೆ, ನಾರಿನ ಎಳೆ ಇವನ್ನೆಲ್ಲ ಅದರ ನಾಲಗೆಯೇ ತೆಗೆಯುತ್ತದೆ. ಆ ನಾಲಗೆ ಎಂಥದೆಂದು ಅಮೆರಿಕದ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ತೋರಿಸಿಕೊಟ್ಟರು: ಅದರ ಮೇಲಿನ ಮುಳ್ಳುಗಳ ತುದಿಯಲ್ಲಿ ಪುಟ್ಟ ಗುಳಿಗಳಿವೆ, ಎಂಜಲನ್ನು ತುಂಬಿಕೊಂಡು ಕೂದಲ ಬುಡದವರೆಗೆ ಮುಟ್ಟಿಸುತ್ತವೆ. ಆದರೆ ಮೈಗೆ ಹತ್ತಿದ್ದನ್ನೆಲ್ಲ ಹೊಟ್ಟೆಗೆ ಒಯ್ಯುವುದೂ ಅದೇ ನಾಲಗೆ. ವರ್ಷಗಟ್ಟಲೆ ಬೆಕ್ಕಿನ ಜೊತೆ ಬಾಳಿ ನಾನು ಇಟ್ಟುಕೊಂಡಿರುವ ಅಳತೆ ಇಷ್ಟೇ: ನೆಕ್ಕಬಾರದ್ದು ಮೈಗೆ ಹತ್ತಿದ್ದರೆ ಮಾತ್ರ ಸ್ನಾನ.

ನಮ್ಮ ಊರಲ್ಲಿ ಹಾಗೆ ನೆಕ್ಕಬಾರದ್ದು ಹತ್ತುವುದು ಕಷ್ಟವಲ್ಲ. ಬೂದಿಯನ್ನೇ ನೋಡಿ. ಒಣಗಿರುವಾಗ ಅದು ಸಾಧು. ಆದರೆ ಕಾಯಿಮಟ್ಟೆಯ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ. ನೀರು ಬಿದ್ದ ತಕ್ಷಣ ಕ್ಷಾರವಾಗುತ್ತದೆ. ಹಿಂದೆ ಬೂದಿನೀರಿನಲ್ಲಿ ಬಟ್ಟೆ ಬೇಯಿಸುತ್ತಿದ್ದುದು ಇದೇ ಗುಣಕ್ಕಾಗಿ. ಸಿಮೆಂಟ್ ಇನ್ನೂ ಖಾರ, ಕಲಸಿದ ಸಿಮೆಂಟಿನ ಪಿಎಚ್ 12 ದಾಟುತ್ತದೆ. ಸಿಮೆಂಟ್ ಕಾರ್ಖಾನೆಯಿಂದಲೇ ಹೆಸರಾದ ಊರಿನವರಿಗೆ ಗಾರೆಯವರ ಅಂಗೈ ಹೇಗೆ ಬಿರಿದಿರುತ್ತದೆಂದು ಹೇಳಬೇಕಿಲ್ಲ.

ಹಿತ್ತಲಲ್ಲಿ ಗೋಡೆ ಏಳುತ್ತಿದ್ದಾಗ ಚುಕ್ಕಿ ಹರಿದ ಸಿಮೆಂಟ್ ಚೀಲದ ಮೇಲೆ ಮಲಗಿ ಎದ್ದಿತ್ತು. ಸುತ್ತ ನಿಂತವರೆಲ್ಲ ನೀರು ಹಾಕಿ ಅಂದರು. ನಾನು ಮೊದಲು ಹಿಡಿದದ್ದು ಹಳೆಯ ಹತ್ತಿ ಸೀರೆಯ ತುಂಡು, ಒಂದು ಮೆತ್ತನೆ ಬ್ರಷ್. ಕೂದಲು ಹೋದ ದಿಕ್ಕಿಗೇ ಒರೆಸಿ, ಪುಡಿ ಉದುರಿಸಿ, ಬೆರಳ ಸಂದಿಯನ್ನೂ ಬಿಡಿಸಿ ನೋಡಿ, ಆಮೇಲೆ ನೀರು. ಮುಕ್ಕಾಲು ಸ್ನಾನ ಒಣಗೈಯಲ್ಲೇ ಮುಗಿದಿತ್ತು. ಅದಾದ ಮೇಲೆ ನೀರಿಗೆ ಜಿಪುಣತನ ಮಾಡಬಾರದು, ಉಳಿದ ಕ್ಷಾರವೆಲ್ಲ ಹರಿದುಹೋಗಬೇಕು.

ಟ್ರ್ಯಾಕ್ಟರ್ ಕೆಳಗೆ ಮಲಗಿ ಗ್ರೀಸ್ ಮೆತ್ತಿಕೊಂಡು ಬಂದರೆ ದಾರಿ ಬೇರೆ. ಎಣ್ಣೆಗೆ ಎಣ್ಣೆಯೇ ಮದ್ದು: ಬೆಚ್ಚಗೆ ಕರಗಿಸಿದ ಕೊಬ್ಬರಿ ಎಣ್ಣೆ ಸವರಿ, ಜಿಡ್ಡು ಸಡಿಲವಾದ ಮೇಲೆ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದೆರಡು ಹನಿ. ಸೀಮೆಎಣ್ಣೆ ಮುಟ್ಟಲೇಬಾರದು.

ನೀರಿಗಿಳಿಸುವಾಗ ಬೆಕ್ಕನ್ನು ಹೆದರಿಸುವುದು ಒದ್ದೆ ಒಂದೇ ಅಲ್ಲ, ಸದ್ದು ಮತ್ತು ಜಾರಿಕೆ ಕೂಡ. ನಮಗೆ ಕೇಳಿಸುವುದು 20 ಕಿಲೋಹರ್ಟ್ಸ್‌ವರೆಗೆ, ಬೆಕ್ಕಿಗೆ 60 ದಾಟಿಯೂ ಕೇಳಿಸುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ನಲ್ಲಿ ಬಿಟ್ಟರೆ ಅದಕ್ಕೆ ಏನೇನು ಕೇಳಿಸುತ್ತದೋ! ಆದ್ದರಿಂದ ಬಾಗಿಲು ಹಾಕಿ ಬೆಕ್ಕನ್ನು ತರುವ ಮೊದಲೇ ಅಗಲವಾದ ಬೋಗುಣಿಗೆ ಹೊಟ್ಟೆ ಮಟ್ಟದ ನೀರು ತುಂಬಿಡುತ್ತೇನೆ. ತಳಕ್ಕೆ ಒಗೆದ ಗೋಣಿಚೀಲ ಹಾಸಬೇಕು. ಉಗುರಿಗೆ ಹಿಡಿತ ಸಿಕ್ಕ ಬೆಕ್ಕು ಅರ್ಧ ಸಮಾಧಾನವಾಗುತ್ತದೆ. ನನ್ನ ತೋಳಿಗೆ ಅದು ಹತ್ತಬೇಕಾದ ಅಗತ್ಯವೇ ಬರುವುದಿಲ್ಲ. ಅದರ ಮೈ ಶಾಖ 38ರಿಂದ 39 ಡಿಗ್ರಿ, ನಮ್ಮದಕ್ಕಿಂತ ಹೆಚ್ಚು. ಹಂಡೆಯ ನೀರನ್ನು ಬೆರೆಸಿ ಮೊಣಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ, ಚೊಂಬಿನಿಂದ ಸುರಿಯದೆ ಬೊಗಸೆಯಲ್ಲೇ ಹಾಕುತ್ತೇನೆ. ಮುಖಕ್ಕೆ ಒದ್ದೆ ಬಟ್ಟೆ ಸಾಕು, ಕಿವಿಯೊಳಗೆ ಹನಿಯೂ ಬೇಡ. ಕತ್ತಿನ ಚರ್ಮ ಹಿಡಿದು ತೂಗಾಡಿಸುವುದು ಮರಿಗೆ ಅದರ ತಾಯಿ ಮಾಡುವ ಕೆಲಸ. ಬೆಳೆದ ಬೆಕ್ಕಿಗೆ ನೋವಾಗುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟಿತೋ, ಅಲ್ಲಿಗೆ ನಿಲ್ಲಿಸಬೇಕು.

ಡೆಟಾಲ್ ಹಾಕಿದರೆ ಶುದ್ಧವಾಗುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ನೆಕ್ಕಿಕೊಂಡರೆ ಅದು ವಿಷ. ನಾಯಿಯ ಉಣ್ಣೆಗೆಂದು ತರುವ ಪರ್ಮೆಥ್ರಿನ್ ಔಷಧದ ಕತೆಯೂ ಅಷ್ಟೇ, ಬೆಕ್ಕಿಗೆ ನಡುಕ ಬಂದು ಪ್ರಾಣಕ್ಕೇ ಎರವಾಗುತ್ತದೆ. ಚಿಗಟ ಕಂಡರೆ ಪಶುವೈದ್ಯರನ್ನು ಕೇಳಿಯೇ ಔಷಧ ಹಾಕಬೇಕು.

ಒಣಗಿಸುವುದಕ್ಕೆ ತಾಳ್ಮೆ ಬೇಕು. ಒಳಗಿನ ಮೆತ್ತನೆ ಕೂದಲು ನೀರನ್ನು ಬೇಗ ಬಿಡದು. ಧನುರ್ಮಾಸದ ಚಳಿಯಲ್ಲಿ ಬೆಳಗ್ಗೆ ಬೇಡವೇ ಬೇಡ. ಮಧ್ಯಾಹ್ನ, ಅಂಗಳದಲ್ಲಿ ಬಿಸಿಲಿರುವಾಗ. ಅದಕ್ಕೂ ಮುಂಚೆ ಹಂಡೆ ಒಲೆಯ ಬಾಯಿಗೆ ತಗಡು ಮುಚ್ಚಿರಬೇಕು. ಇಲ್ಲದಿದ್ದರೆ ಒದ್ದೆ ಮೈಯಲ್ಲಿ ನೇರ ಬೂದಿಗೇ ಹೋಗುತ್ತದೆ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ವಾಸನೆ ಬದಲಾಯಿತೆಂದು ಗುರ್ರೆನ್ನಬಹುದು. ಆ ಬೆಕ್ಕು ದಿನವೂ ಮಲಗುವ ಬಟ್ಟೆಯಿಂದಲೇ ಮಿಂದ ಬೆಕ್ಕಿನ ಮೈ ಒರೆಸಿದರೆ ಜಗಳ ಬೇಗ ತಣ್ಣಗಾಗುತ್ತದೆ.