ಸೋತು ವಾಪಸಾಗಲು ಎಷ್ಟು ಖರ್ಚು?

ಭದ್ರಾವತಿಯ ಓಲ್ಡ್ ಟೌನಿನಿಂದ ಹೊರಟು ತರೀಕೆರೆ, ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಹತ್ತುವುದು. ಇಳಿದು ಸಂತವೇರಿ, ಮಲ್ಲೇನಹಳ್ಳಿ ಕಡೆಯಿಂದ ಚಿಕ್ಕಮಗಳೂರು. ಹಿರೇಕೊಳಲೆ ಕೆರೆ ನೋಡಿಕೊಂಡು, ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಏರಿಯ ಮೇಲೊಂದಿಷ್ಟು ಹೊತ್ತು ಕೂತು, ಕಡೂರಿನ ಮೇಲೆ ಮನೆಗೆ ಬರುವುದು. ಮಳೆ ನಿಂತ ಮೇಲೆ ಮಾಡಬೇಕೆಂದಿರುವ ಈ ಸೈಕಲ್ ಸುತ್ತಿಗೆ ನಾನು ಮೊದಲು ತೆಗೆದದ್ದು ನಕ್ಷೆಯನ್ನಲ್ಲ, ಖರ್ಚಿನ ಪುಸ್ತಕವನ್ನು. ಅದನ್ನು ನೋಡಿ ಮನೆಯವಳು ಕೇಳಿದ್ದು ಒಂದೇ ಪ್ರಶ್ನೆ: "ರೀ, ಇದು ಯಾವ ಖಾತೆಗೆ ಬರತ್ತೆ? ಆರೋಗ್ಯಕ್ಕೋ, ಶೋಕಿಗೋ?"

ಶೋಕಿಗೇ. ಅದನ್ನು ಒಪ್ಪಿಕೊಂಡರೆ ಲೆಕ್ಕ ಸುಲಭ. ಆರೋಗ್ಯ ಅಂತ ಬರೆದರೆ ಎಷ್ಟು ಸುರಿದರೂ ಸಮರ್ಥನೆ ಸಿಗುತ್ತದೆ. ಶೋಕಿಗೆ ಮಿತಿ ಹಾಕಬಹುದು. ತಿಂಗಳಿಗೆ 1,000 ರೂಪಾಯಿಯಂತೆ ಹತ್ತು ತಿಂಗಳ ಆರ್‌ಡಿ, ಒಟ್ಟು 10,000. ಬ್ಯಾಂಕಿನಲ್ಲಿ ಮಾಡಿದ್ದೇಕೆಂದರೆ ಅಂಚೆ ಕಚೇರಿಯ ಆರ್‌ಡಿಗೆ ಐದು ವರ್ಷದ ಅವಧಿ. ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ, ಆಮೇಲೆ ಅವಧಿಗೆ ಮುಂಚೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ. ಮಗಳ ಓದಿಗೆ ಅದು ಸರಿ, ಬೆಟ್ಟಕ್ಕಲ್ಲ.

ಈಗ ಏರು. ಭದ್ರಾವತಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಕೆಮ್ಮಣ್ಣುಗುಂಡಿ 1,434. ನಾನು, ಸೈಕಲ್ಲು, ಚೀಲ ಸೇರಿ 85 ಕಿಲೋ ಅಂದುಕೊಳ್ಳಿ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಮೈ 700 ಕ್ಯಾಲೊರಿಗಳ ಆಸುಪಾಸು ಸುಡುತ್ತದೆ. ದೂರಕ್ಕೆ, ಗಾಳಿಗೆ, ಹಾಳು ರಸ್ತೆಗೆ ಬೇರೆ. ಇದಕ್ಕೆಂದೇ ಪೊಟ್ಟಣವೊಂದಕ್ಕೆ ನೂರು ರೂಪಾಯಿ ದಾಟುವ ಅಂಟು ಪದಾರ್ಥಗಳನ್ನು ಮಾರುತ್ತಾರೆ. ಬಾಳೆಹಣ್ಣು, ಕಡ್ಲೆ ಮಿಠಾಯಿ, ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಅದೇ ಕೆಲಸ ಮಾಡುತ್ತವೆ. ಊಟದ ಬಾಬ್ತು ಅಲ್ಲಿಗೆ ಮುಗಿಯಿತು.

ದುಡ್ಡು ಹಾಕಬೇಕಾದದ್ದು ಗೇರಿಗೆ. ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 28 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ಮೂರು ಮೀಟರ್ ಹೋಗುತ್ತದೆ. ನಮ್ಮೂರಿನ ಬಿ.ಎಚ್. ರಸ್ತೆಯಲ್ಲಿ ಅದು ಸುಖ, ಕೆಮ್ಮಣ್ಣುಗುಂಡಿ ದಾರಿಯ ಕಲ್ಲತ್ತಿಗಿರಿಯಿಂದ ಮೇಲಕ್ಕೆ ಮಂಡಿಗೆ ಶಿಕ್ಷೆ. ಮುಂದೆ 22, ಹಿಂದೆ 34 ಮಾಡಿಸಿದರೆ ಒಂದು ಸುತ್ತಿಗೆ ಒಂದೂಕಾಲರಿಂದ ಒಂದೂವರೆ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಐದು ಕಿಲೋಮೀಟರ್, ನಡೆದಷ್ಟೇ ವೇಗ. ಆದರೆ ಸೀಟಿನ ಮೇಲೆ ಕೂತೇ ಹೋಗಬಹುದು. ಚೈನ್‌ವೀಲ್, ಫ್ರೀವೀಲ್, ಹೊಸ ಚೈನು, ಬ್ರೇಕ್ ಪ್ಯಾಡು, ಕೂಲಿ ಎಲ್ಲ ಸೇರಿ 3,500ಕ್ಕೆ ಮುಗಿಸುತ್ತೇನೆಂದು ನಮ್ಮ ಸೈಕಲ್ ರಿಪೇರಿಯವರು ಹೇಳಿದ್ದಾರೆ. "ಸಾರ್, ಹೊಸದೇ ತಗೊಂಬಿಡಿ, ಟ್ಯಾಕ್ಸ್ ಇಳ್ದಿದೆ" ಎಂಬ ಸಲಹೆಯೂ ಬಂತು. ಇಳಿದಿರುವುದು ನಿಜ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಬಂದಿದೆ. ಮೊದಲು 30,000 ಇದ್ದದ್ದು ಈಗ 28,125 ಆಗಬೇಕು. 1,875 ಉಳಿಸಲು 28,125 ಖರ್ಚು ಮಾಡುವ ಉಳಿತಾಯ ನನಗೆ ಒಗ್ಗುವುದಿಲ್ಲ.

ಇಷ್ಟರವರೆಗೆ ಯಾರಾದರೂ ಹಾಕುವ ಲೆಕ್ಕ. ನಾನು ಹೆಚ್ಚು ಹೊತ್ತು ಕೂತದ್ದು ಇನ್ನೊಂದು ಸಾಲಿನ ಮೇಲೆ: ಅರ್ಧದಲ್ಲಿ ಕೈಬಿಟ್ಟರೆ ಎಷ್ಟು ಬೀಳುತ್ತದೆ?

ಹಿಂದೊಮ್ಮೆ ಗೆಳೆಯರ ಗುಂಪು ಘಟ್ಟದ ಮೇಲಿನ ಹೋಂಸ್ಟೇ ಒಂದಕ್ಕೆ ಪೂರ್ತಿ ಹಣ ಮುಂಗಡ ಕಟ್ಟಿತ್ತು, ವಾಪಸಿಲ್ಲ ಎಂಬ ಷರತ್ತಿನ ಮೇಲೆ. ಏರಿನ ಬುಡದಲ್ಲೇ ಒಬ್ಬನ ಮಂಡಿ ಹಿಡಿದುಕೊಂಡಿತು. ನಿಲ್ಲು ಅಂದರೆ "ದುಡ್ಡು ಕೊಟ್ಟಾಗಿದೆಯಲ್ಲೋ" ಅಂದ. ತುಳಿದೇ ತುಳಿದ, ಆಮೇಲೆ ತಿಂಗಳುಗಟ್ಟಲೆ ಕುಂಟಿದ. ಹೋದ ದುಡ್ಡು ಹೋಯಿತು. ಹತ್ತಿದರೂ ಬರುವುದಿಲ್ಲ, ಹತ್ತದಿದ್ದರೂ ಬರುವುದಿಲ್ಲ. ಷೇರು ಬಿದ್ದಾಗ "ಕೊಂಡ ಬೆಲೆಗೆ ಬರಲಿ, ಆಮೇಲೆ ಮಾರ್ತೀನಿ" ಎನ್ನುವವರ ಮಂಡಿಯೂ ಹೀಗೇ ಹೋಗುವುದು. ಈ ಜ್ಞಾನ ಏರಿನ ನಡುವೆ ಬರುವುದಿಲ್ಲವಾದ್ದರಿಂದ, ಕೈಬಿಡುವುದನ್ನು ಅಗ್ಗವಾಗಿಸುವ ಕೆಲಸ ಮನೆಯಲ್ಲೇ ಆಗಬೇಕು.

ಸುತ್ತಿನ ದಿಕ್ಕನ್ನೂ ಹಾಗೇ ಆರಿಸಿದೆ. ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಒಂದೇ ರೈಲು ಹಾದಿಯ ಮೇಲಿವೆ. ಚಿಕ್ಕಮಗಳೂರಿನಿಂದ ಕಡೂರಿಗೂ 2013ರಿಂದ ಹಳಿ ಇದೆ. ಬೆಟ್ಟವನ್ನು ಮೊದಲು ಮುಗಿಸಿ ಬಯಲನ್ನು ಕೊನೆಗಿಟ್ಟರೆ, ದಣಿವು ಹೆಚ್ಚಿದಂತೆ ನಿಲ್ದಾಣಗಳೂ ಹತ್ತಿರವಾಗುತ್ತವೆ. ಸೈಕಲ್ಲನ್ನು ಲಗೇಜಿಗೆ ಹಾಕಿಸಲು ಸ್ವಲ್ಪ ಮುಂಚೆ ಹೋಗಿ ವಿಚಾರಿಸಬೇಕು, ಅಷ್ಟೇ. ಉಲ್ಟಾ ಹೊರಟರೆ ಕೆಮ್ಮಣ್ಣುಗುಂಡಿಯ ಇಳಿಜಾರು ಬರುವುದು ಕೈ, ಬ್ರೇಕು ಎರಡೂ ಸವೆದ ಕೊನೆಯ ದಿನ.

ತರೀಕೆರೆ ದಾಟಿದ ಮೇಲೆ ಚಿಕ್ಕಮಗಳೂರಿನವರೆಗೆ ಮಾತ್ರ ರೈಲಿಲ್ಲ. ಅದಕ್ಕೆ 2,000 ರೂಪಾಯಿ ನಗದು, ಗೂಡ್ಸ್ ಆಟೋ ಬಾಡಿಗೆಗೆಂದು, ನೂರರ ನೋಟುಗಳಲ್ಲಿ. ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ ಫೋನ್‌ಪೇ ನಂಬಿ ನಿಲ್ಲಲಾಗದು. ರೂಮಿಗೂ ಮುಂಗಡ ಕಟ್ಟದೆ ಸಿಗುವ ವಾರದ ನಡುವಿನ ದಿನಗಳನ್ನೇ ಹಿಡಿದಿದ್ದೇನೆ. ಶನಿವಾರ, ಭಾನುವಾರ ಗಿರಿಯ ರಸ್ತೆ ತುಂಬ ಕಾರು, ರೂಮಿನ ದರವೂ ಬೆಟ್ಟ ಹತ್ತಿರುತ್ತದೆ.

ವಿಮೆಯ ಬಗ್ಗೆ ಒಂದು ಮಾತು. ವರ್ಷಕ್ಕೆ 20 ರೂಪಾಯಿ ಕತ್ತರಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತದಲ್ಲಿ ಸತ್ತರೆ, ಪೂರ್ಣ ಅಂಗವಿಕಲತೆಯಾದರೆ 2 ಲಕ್ಷ ಕೊಡುತ್ತದೆ. ಬಿದ್ದು ಕೈ ಮುರಿದರೆ ಆಸ್ಪತ್ರೆಯ ಬಿಲ್ಲು ಅದು ಕಟ್ಟುವುದಿಲ್ಲ. ಅದಕ್ಕೆ ಆರೋಗ್ಯ ವಿಮೆಯೇ ಬೇಕು.

ಯುರೋಪಿನ ಆಲ್ಪ್ಸ್ ಕೆರೆಗಳ ಸುತ್ತು ಕಂಡು ಬಾಯಲ್ಲಿ ನೀರೂರಿಸಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಇಟಲಿಯ ನಿವೊಲೆ ಕಣಿವೆದಾರಿ 2,612 ಮೀಟರ್ ಎತ್ತರಕ್ಕೆ ಹೋಗುತ್ತದೆ. ದಾರಿಯಲ್ಲಿ ಸಿಗುವ ಸೆರ್ರು, ಆಗ್ನೆಲ್ ಕೆರೆಗಳು ವಿದ್ಯುತ್ತಿಗಾಗಿ ಕಟ್ಟೆ ಹಾಕಿ ನಿಲ್ಲಿಸಿದ ನೀರು. ಬೆಟ್ಟದ ಮೇಲೆ ದುಡ್ಡು ಸುಮ್ಮನೆ ಹತ್ತುವುದಿಲ್ಲ, ಯಾರಿಗೋ ಏನೋ ಕೆಳಗಿಳಿಸಬೇಕಿರುತ್ತದೆ. ನಮ್ಮಲ್ಲಿ ಅದು ಅದಿರು. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಇಳಿದು ಬರುತ್ತಿತ್ತು. ಅದಿರಿನ ಭಾರವೇ ಒಂದಿಷ್ಟು ಕೂಲಿ ಉಳಿಸುತ್ತಿತ್ತು. ಆ ಕಾರ್ಖಾನೆಯ ಸಂಬಳದಲ್ಲಿ ಬೆಳೆದ ನಾನು ಈಗ ಸ್ವಂತ ಖರ್ಚಿನಲ್ಲಿ ಉಲ್ಟಾ ಹತ್ತಲು ಹೊರಟಿದ್ದೇನೆ.

10,000ದಲ್ಲಿ ಗೇರಿಗೆ 3,500, ಎರಡು ರಾತ್ರಿಯ ರೂಮು, ಊಟಕ್ಕೆ 3,500, ವಾಪಸಿಗೆ 2,000. ಮಿಕ್ಕ 1,000 ಟ್ಯೂಬು, ಪಂಚರ್ ಸಾಮಾನಿಗೆ. ವಾಪಸಿನ ದುಡ್ಡು ಉಳಿದರೆ ಏನು ಮಾಡುತ್ತೀರಿ ಎಂದು ಮನೆಯಲ್ಲಿ ಈಗಲೇ ವಿಚಾರಣೆ ಶುರುವಾಗಿದೆ. ಹಿಂದಿನ ಟೈರು ಅಂದೆ. ಮಿಕ್ಸಿ ಜಾರು ಅಂದಳು. ಮಾತುಕತೆ ನಡೆಯುತ್ತಿದೆ.