ಚಿಕ್ಕವಳಿಗೆ ಮೂರು ತುಂಬಲಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್‌ಗೆ ಮುಂಗಡ ಕಟ್ಟಿದ್ದೀರಿ. ಎಂಟು ತಿಂಗಳ ಕೂಸು, ಎರಡೂವರೆಯ ಪೋರ, ಊರಿಂದ ಬಂದಿರುವ ಅಮ್ಮ, ಅಪ್ಪ, ಎಲ್ಲರೂ ಹೊರಟಿದ್ದೀರಿ. ಬೇಡ ಎನ್ನಲು ನಾನು ಯಾರು? ನಿಮ್ಮ ದುಡಿಮೆ, ನಿಮ್ಮ ರಜೆ. ಎರಡೂ ಕಡೆಯನ್ನು ತೂಗಿ ಹೇಳೋಣ ಅಂತಲೇ ಬರೆಯಲು ಕೂತೆ. ಆದರೆ “ಮಕ್ಕಳನ್ನ ನೋಡ್ಕೊಳ್ಳೋಕೆ ಅಮ್ಮ ಇದ್ದಾರಲ್ಲ” ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ತಕ್ಕಡಿ ಒಂದು ಕಡೆಗೆ ವಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾಗಳ ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆಯುತ್ತಿರುತ್ತದೆ. ಅದಕ್ಕೇ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಸಮುದ್ರ ಅಂದರೆ ಅಪಾಯ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹುಟ್ಟಿದ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಹಡಗುಗಳನ್ನು ಸಾಕಷ್ಟು ಬಿಗಿಮಾಡಿದೆ. ಒಂದು ದಿನಕ್ಕಿಂತ ಹೆಚ್ಚಿನ ಯಾನವಾದರೆ ಹಡಗಿನಲ್ಲಿರುವ ಪ್ರತಿ ಕೂಸಿಗೂ ಕೂಸಿನ ಅಳತೆಯ ಲೈಫ್ ಜಾಕೆಟ್ ಇರಲೇಬೇಕು. ತಲೆಸುತ್ತು, ವಾಂತಿಯ ವಿಷಯಕ್ಕೆ ಬಂದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಅದು ದೊಡ್ಡವರಿಗಿಂತ ಕಡಿಮೆ. ದೊಡ್ಡವರಾದ ಮೇಲೆ ಮಕ್ಕಳಿಗೆ ಇದೊಂದೂ ನೆನಪಿರುವುದಿಲ್ಲ ಎಂಬ ವಾದವನ್ನೂ ನಾನು ಹೂಡುವುದಿಲ್ಲ. ನೆನಪಿರದ್ದೆಲ್ಲ ವ್ಯರ್ಥವಾದರೆ ನಾಮಕರಣವನ್ನೇ ಮಾಡಬೇಕಾಗಿರಲಿಲ್ಲ. ನನ್ನ ಪ್ರಶ್ನೆ ಬೇರೆ. ಆ ಹಡಗಿನಲ್ಲಿ ಡೈಪರ್ ಹಾಕಿದ ಮಗುವಿಗೆ ಜಾಗ ಎಲ್ಲಿದೆ?

ಇದಕ್ಕೆ ಉತ್ತರ ಹಡಗಿನವರ ನಿಯಮಗಳಲ್ಲೇ ಇದೆ. ಬಣ್ಣಬಣ್ಣದ ಜಾಹೀರಾತು ನೋಡಿದ್ದೀಯ, ಆ ನಿಯಮಗಳನ್ನು ಓದಿದಂತಿಲ್ಲ. ಹೆಚ್ಚಿನ ಕಂಪನಿಗಳು ಆರು ತಿಂಗಳು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವಂಥ, ಮೂರು ದಿನ ಒಂದೇ ಸಮನೆ ದಡ ಕಾಣದಂಥ ಯಾನಗಳಿಗೆ ಒಂದು ವರ್ಷ ತುಂಬಿರಬೇಕು. ದಡ ದೂರವಾದಷ್ಟೂ ಆಸ್ಪತ್ರೆ ದೂರ ಎಂದು ಅವರಿಗೂ ಗೊತ್ತು. ಇನ್ನು ಈಜುಕೊಳ. ಶೌಚದ ಅಭ್ಯಾಸವಾಗದ ಮಗು, ಈಜುವ ಡೈಪರ್ ಹಾಕಿದ್ದರೂ ಸರಿಯೆ, ಕೊಳಕ್ಕೆ ಇಳಿಯುವಂತಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ನೈರ್ಮಲ್ಯ ನಿಯಮ ಇದರ ಹಿಂದಿದೆ, ನ್ಯಾಯವಾದದ್ದೇ. ಅಂಥ ಮಕ್ಕಳಿಗೆಂದೇ ನೀರು ಚಿಮ್ಮುವ ಸಣ್ಣ ಜಾಗ ಕೆಲವು ಹಡಗುಗಳಲ್ಲಿದೆ, ಎಲ್ಲದರಲ್ಲೂ ಇಲ್ಲ. ಮಕ್ಕಳ ಕ್ಲಬ್ ಅಂತ ನೀನು ನೆಚ್ಚಿಕೊಂಡಿದ್ದೀಯಲ್ಲ, ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಅದಕ್ಕೆ ಮೂರು ವರ್ಷ ತುಂಬಿ ಡೈಪರ್ ಬಿಟ್ಟಿರಬೇಕು. ಕಾರ್ನಿವಲ್ ಎರಡು ತುಂಬಿದವರನ್ನು ಸೇರಿಸಿಕೊಳ್ಳುತ್ತದೆ. ಕೂಸುಗಳ ನರ್ಸರಿ ಡಿಸ್ನಿಯಲ್ಲೂ ಇನ್ನು ಕೆಲವು ಹಡಗುಗಳಲ್ಲೂ ಇದೆ, ಗಂಟೆಗಿಷ್ಟು ಎಂದು ಬೇರೆ ದುಡ್ಡು ಕೊಟ್ಟು. ನೀರಾಟ, ನಾಟಕ, ಸಂಗೀತ, ರಾತ್ರಿಯ ಊಟದ ಮನೆ, ಹಡಗು ಎಂದರೆ ಇವೇ. ನಿನ್ನ ಇಬ್ಬರಲ್ಲಿ ಒಬ್ಬಳಿಗೆ ಇದ್ಯಾವುದೂ ಸಲ್ಲುವುದಿಲ್ಲ, ಇನ್ನೊಬ್ಬನಿಗೆ ಅರೆಬರೆ. ಟಿಕೆಟ್ ಮಾತ್ರ ಇಬ್ಬರಿಗೂ ಉಂಟು.

ಉಳಿಯುವುದು ಕೋಣೆ. ಕಿಟಕಿಯಿಲ್ಲದ ಸಾಧಾರಣ ಕ್ಯಾಬಿನ್ ಅಂದರೆ ಸುಮಾರು 160ರಿಂದ 185 ಚದರಡಿ. ಒಂದು ವರ್ಷದೊಳಗಿನ ಕೂಸಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು, ಎರಡರ ಆಸುಪಾಸಿನವರಿಗೆ 11ರಿಂದ 14 ಗಂಟೆ. ಇಬ್ಬರೂ ಒಂದೇ ಹೊತ್ತಿಗೆ ಮಲಗುತ್ತಾರೆಯೇ? ಒಬ್ಬರು ಮಲಗಿದಾಗ ಇನ್ನೊಬ್ಬರನ್ನು ಎತ್ತಿಕೊಂಡು ಹೊರಗೆ ಓಡಾಡಬೇಕು, ದೀಪ ಆರಿಸಿದ ಕೋಣೆಯಲ್ಲಿ ಒಬ್ಬರು ಕಾವಲು ಕೂರಬೇಕು. ಊಟದ್ದು ಇನ್ನೊಂದು ಕಥೆ. ದೊಡ್ಡವರಿಗೆ ಹೊತ್ತು ಹೊತ್ತಿಗೆ ಎಲೆ ತುಂಬ ಬಡಿಸುವ ಜಾಗದಲ್ಲಿ ಕೂಸಿಗೆ ಒಂದು ಬಟ್ಟಲು ರಾಗಿ ಸರಿ ಕಾಯಿಸಿಕೊಳ್ಳುವ ಹಾಗಿಲ್ಲ: ಬೆಂಕಿಯ ಭಯದಿಂದ ಕೆಟಲ್, ರೈಸ್ ಕುಕ್ಕರ್‌ಗಳನ್ನು ಬಹುತೇಕ ಕಂಪನಿಗಳು ಹತ್ತಿಸಗೊಡುವುದಿಲ್ಲ, ಮನೆಯಲ್ಲಿ ಮಾಡಿದ ತಿಂಡಿಯನ್ನೂ ತರಗೊಡುವುದಿಲ್ಲ. ಡಬ್ಬಿಯ ಆಹಾರ, ಹಾಲಿನ ಪುಡಿ, ಏಳು ದಿನದ ಡೈಪರ್ ಎಲ್ಲವನ್ನೂ ನೀವೇ ಹೊರಬೇಕು.

ನಿಮ್ಮ ಕಾಲದಲ್ಲಿ ಹಾಲುಗೂಸು ಕಟ್ಟಿಕೊಂಡು ತಿರುಪತಿಗೆ ಹೋಗಲಿಲ್ಲವೇ ಎಂದು ಕೇಳುತ್ತೀಯ. ಹೋದೆವು. ಮುಡಿ ಕೊಡಲು, ತವರಿಗೆ, ಮದುವೆ ಮುಂಜಿಗೆ, ಕೆಂಪು ಬಸ್ಸಿನಲ್ಲಿ, ಮೀಟರ್ ಗೇಜ್ ರೈಲಿನಲ್ಲಿ ನಮ್ಮ ಪೀಳಿಗೆಯ ಹೆಂಗಸರು ಕೂಸು ಹೊತ್ತು ತಿರುಗಿದರು. ಬರ್ತುಗಳ ನಡುವೆ ಹಳೇ ಸೀರೆಯ ಜೋಲಿ ಕಟ್ಟಿದರೆ ಊರು ಬರುವ ತನಕ ಮಗು ಮಲಗುತ್ತಿತ್ತು. ಆದರೆ ಆ ದಿನಗಳನ್ನು ಹೊಗಳುವವರು ಕೆಲವನ್ನು ಮರೆತು ಹೊಗಳುತ್ತಾರೆ. ಬಾಣಂತನ ಅಂತ ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು ತಿಂಗಳು ತಾಯಿ ಮಗುವನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಕಟ್ಟಳೆ ಎಂದು ನೀವು ನಗುವ ಆ ರೂಢಿಯಲ್ಲಿ ಸೋಂಕಿನ ಎಚ್ಚರವೂ ಇತ್ತು. ಹೊರಟ ಮೇಲೂ ಕೂಸಿಗೆ ಜ್ವರ ಬಂದರೆ ತುಮಕೂರಿನಲ್ಲೋ ಅರಸೀಕೆರೆಯಲ್ಲೋ ಇಳಿದುಬಿಡಬಹುದಿತ್ತು. ನಮಗೇನೂ ಆಗಲಿಲ್ಲ ಎನ್ನುವವರು ಬದುಕಿ ಉಳಿದವರು, ಅದನ್ನೂ ನೆನಪಿಡು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣಲಿಲ್ಲ. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಆ ಕಾಲದ ಧೈರ್ಯವನ್ನು ಈ ಕಾಲಕ್ಕೆ ಸಾಕ್ಷಿಯಾಗಿ ಕರೆಯಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಹೊರಟದ್ದು ಹರಕೆಗೆ, ನೆಂಟಸ್ತಿಕೆಗೆ. ಪ್ರಯಾಣ ಅಂದರೆ ಪಾಡು ಎಂದು ತಿಳಿದೇ ಬಸ್ಸು ಹತ್ತಿದವರು ದಣಿವಾಯಿತೆಂದು ಪೇಚಾಡಲಿಲ್ಲ. ನೀನು ದುಡ್ಡು ಕಟ್ಟುತ್ತಿರುವುದು ವಿಶ್ರಾಂತಿಗೆ, ಅದೇ ಅಲ್ಲಿ ಸಿಗುವುದಿಲ್ಲ ಎನ್ನುತ್ತಿದ್ದೇನೆ.

ಕಾಯಿಲೆಯ ಮಾತನ್ನು ಅಳತೆ ತಪ್ಪದೆ ಹೇಳಬೇಕು. ಹಡಗು ಎಂದೊಡನೆ ವಾಂತಿ ಭೇದಿ ತರುವ ನೊರೊವೈರಸ್ ಎಂದು ಎಲ್ಲರೂ ಕೂಗುತ್ತಾರೆ, ಆದರೆ ವರದಿಯಾಗುವ ನೊರೊವೈರಸ್ ಹಾವಳಿಗಳಲ್ಲಿ ಹಡಗಿನದು ನೂರಕ್ಕೆ ಒಂದು ಮಾತ್ರ ಎಂದು ಸಿಡಿಸಿಯೇ ಹೇಳುತ್ತದೆ. ಹಡಗಿನ ಹಾವಳಿ ಬೇಗ ಸುದ್ದಿಯಾಗುತ್ತದೆ, ಯಾಕೆಂದರೆ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇ. 3ರಷ್ಟು ಜನಕ್ಕೆ ವಾಂತಿ ಭೇದಿಯಾದರೆ ಅದು ಪ್ರಕಟವಾಗುತ್ತದೆ. ನನ್ನ ಆತಂಕ ರೋಗ ಬರುವುದರ ಬಗ್ಗೆ ಅಷ್ಟಿಲ್ಲ, ಬಂದ ಮೇಲಿನದು. ಅಂಬೆಗಾಲಿಡುವ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಆ ವೈರಾಣುವಿಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ವಾಂತಿ ಶುರುವಾದರೆ ಕೋಣೆ ಬಿಟ್ಟು ಬರಬೇಡಿ ಎನ್ನುತ್ತಾರೆ. ಹಡಗಿನಲ್ಲಿ ಡಾಕ್ಟರು, ನರ್ಸು ಇರುತ್ತಾರೆ, ತುರ್ತು ಚಿಕಿತ್ಸೆ ಕೊಡುತ್ತಾರೆ, ಆದರೆ ಅದು ಮಕ್ಕಳ ಆಸ್ಪತ್ರೆಯಲ್ಲ. ನಿಮ್ಮ ಆಫೀಸಿನ ಇನ್ಶೂರೆನ್ಸ್ ಅಲ್ಲಿ ನಡೆಯುತ್ತದೆಯೇ, ಕೇಳಿದ್ದೀಯಾ? ಇನ್ನು ಲಸಿಕೆ. 2025ರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲೇ ದಡಾರ ಹಬ್ಬಿತ್ತು. ದೇಶ ಬಿಟ್ಟು ಹೋಗುವ ಆರರಿಂದ ಹನ್ನೊಂದು ತಿಂಗಳ ಕೂಸಿಗೆ ದಡಾರ ತಡೆಯುವ ಎಂಎಂಆರ್ ಲಸಿಕೆಯನ್ನು ಮುಂಚಿತವಾಗಿ ಹಾಕಿಸಬೇಕೆಂಬುದು ಸಿಡಿಸಿಯ ಸಲಹೆ, ಹೋಗುವುದೇ ಆದರೆ ಅದನ್ನು ಮರೆಯಬೇಡ.

ಈಗ ಅಮ್ಮನ ವಿಷಯ. ಇಷ್ಟು ಕೈಗಳಿರುವಾಗ ಮಕ್ಕಳದೇನು ಭಾರ ಎನ್ನುತ್ತೀಯ. ಆ ಕೈಗಳು ಯಾರವು? ಮಂಡಿನೋವು ಹೇಳಿಕೊಳ್ಳದೆ ಆರು ತಿಂಗಳು ನಿನ್ನ ಅಡಿಗೆಮನೆಯಲ್ಲಿ ನಿಂತವಳನ್ನು “ಅಮ್ಮನಿಗೂ ಒಂದು ಸುತ್ತಾಟ” ಅಂತ ಕರೆದುಕೊಂಡು ಹೋಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂಸಿನ ಕಾವಲಿಗೆ ಕೂರಿಸುವುದಕ್ಕೆ ಉಪಕಾರ ಎಂದು ಹೆಸರಿಡಬೇಡ. ಬೇಡ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ, ನಿನಗೂ ಅದು ಗೊತ್ತು. ಮಾತು ಖಾರವಾಯಿತು. ಎರಡು ಹೆರಿಗೆ, ಎರಡು ಕೆಲಸ, ನಿದ್ದೆಗೆಟ್ಟ ವರ್ಷಗಳು, ನಿನ್ನ ದಣಿವೂ ಸುಳ್ಳಲ್ಲ, ಮಗಳೇ. ಎಲ್ಲಿಗಾದರೂ ಹೋಗಬೇಕು ಅನ್ನಿಸುವುದು ನ್ಯಾಯವೇ. ಅದೇ ಗ್ಯಾಲ್ವೆಸ್ಟನ್‌ನ ಕಡಲ ದಂಡೆಯಲ್ಲಿ ಅಡಿಗೆಮನೆಯಿರುವ ಮನೆಯೊಂದನ್ನು ನಾಲ್ಕು ದಿನ ಬಾಡಿಗೆಗೆ ಹಿಡಿದರೆ ಮಕ್ಕಳಿಗೆ ಮರಳು ಸಿಗುತ್ತದೆ, ಕೂಸಿಗೆ ಬಿಸಿ ಗಂಜಿ, ಅಮ್ಮನಿಗೆ ಬೇರೊಂದು ಕೋಣೆ. ಜ್ವರ ಬಂದರೆ ಕಾರು ಹತ್ತಿ ಮನೆಗೆ ಬರಬಹುದು. ಚಿಕ್ಕವಳಿಗೆ ಮೂರು ತುಂಬಿ ಡೈಪರ್ ಬಿಟ್ಟ ವರ್ಷ ಹಡಗು ಹತ್ತಿ, ಆಗ ನಾನೂ ಬರುತ್ತೇನೆ.

ಇಷ್ಟಾದರೂ ಹೊರಡುವುದೇ ನಿಜವಾದರೆ ಪಾಸ್‌ಪೋರ್ಟುಗಳನ್ನು ತೆರೆದು ನೋಡಿ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಹೊರಟ ಬಂದರಿಗೇ ಮರಳುವ ಹಡಗಿನಲ್ಲಿ ಜನನ ಪತ್ರ ತೋರಿಸಿ ಒಳಗೆ ಬರಬಹುದು. ಎಚ್‌1ಬಿಯಲ್ಲಿರುವ ನಿಮ್ಮ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮೆಕ್ಸಿಕೊಗೆ, ಕೆನಡಾಕ್ಕೆ 30 ದಿನದೊಳಗೆ ಹೋಗಿ ಬರಲು ಒಂದು ರಿಯಾಯಿತಿಯಿದೆ, ಬಹಾಮಾಸ್, ಜಮೈಕಾದಂಥ ದ್ವೀಪಗಳಿಗೆ ಅದು ನಡೆಯುವುದಿಲ್ಲ. ಕೊನೆಯ ಕಂತು ಕಟ್ಟುವ ದಿನ ದಾಟಿದರೆ ಹಣ ಪೂರ್ತಿ ಹಿಂದೆ ಬರುವುದಿಲ್ಲ. ಅದಕ್ಕೆ ಮುಂಚೆ ಒಂದು ಸಂಜೆ, ಅಳಿಯಂದಿರು ಎದುರಿಗಿಲ್ಲದಾಗ, ಅಮ್ಮನ ಪಕ್ಕದಲ್ಲಿ ಕೂತು ಕೇಳು: ನಿನಗೆ ನಿಜವಾಗಿ ಇಷ್ಟ ಇದೆಯೇನಮ್ಮ ಅಂತ.

ಇಂತಿ,
ನಿನ್ನ ದೊಡ್ಡಮ್ಮ